ಬೆನ್ನಿಗೆ ಬೆನ್ನು ಮಾಡಿ ಕೂತ ತರಗತಿ

ಆ ವಿಡಿಯೊವನ್ನು ಮೊದಲ ಸಲ ನೋಡಿದಾಗ ಮೂರನೇ ನಿಮಿಷಕ್ಕೇ ನಿಲ್ಲಿಸಿ, ಅಂಕಪಟ್ಟಿಯಲ್ಲಿ ‘ಕೂರುವ ವ್ಯವಸ್ಥೆ’ ಎಂಬ ಸಾಲಿನ ಮುಂದೆ ಸೊನ್ನೆ ಹಾಕಿದೆ. ಯೋಚಿಸಲೂ ಇಲ್ಲ. ರಾಮಾಪುರದಿಂದ ಒಳಕ್ಕೆ, ಕಾಡಿನಂಚಿನ ಒಂದು ಊರು. ಹಾಲಿನ ಡೇರಿಯ ಪಕ್ಕದ ಜಗಲಿ. ಹನ್ನೊಂದು ಜನ ಹೆಂಗಸರು. ವಯಸ್ಸಾದ ಐವರು ಗೋಡೆಗೆ ಮುಖ ಮಾಡಿ ಕೂತಿದ್ದರು. ಚಿಕ್ಕ ವಯಸ್ಸಿನ ಆರು ಜನ ಅವರ ಬೆನ್ನಿಗೆ ಬೆನ್ನು ಮಾಡಿ ಅಂಗಳದ ಕಡೆ ತಿರುಗಿದ್ದರು. ಗೋಡೆಯ ಮೇಲೊಂದು ಕಪ್ಪು ಹಲಗೆ, ಎದುರಿನ ಕಂಬಕ್ಕೆ ನೇತುಹಾಕಿದ ಇನ್ನೊಂದು ಹಲಗೆ. ಎರಡು ಸಾಲುಗಳ ನಡುವಿನ ಮೊಳ ಅಗಲದ ಜಾಗದಲ್ಲಿ ಬೋಧಕಿ ಸೀಮೆಸುಣ್ಣ ಹಿಡಿದು ಅತ್ತಿಂದಿತ್ತ ಓಡಾಡುತ್ತಿದ್ದರು. ಜಗಳವಾಡಿಕೊಂಡ ಎರಡು ಗುಂಪುಗಳನ್ನು ಬೇರೆ ಕೂರಿಸಿದ ಹಾಗಿತ್ತು.

ನನ್ನ ಕೆಲಸ ಏನೆಂದು ಮೊದಲೇ ಹೇಳಿಬಿಡುತ್ತೇನೆ. ಓದು ಬರಹ ಬಾರದ ದೊಡ್ಡವರಿಗೆ ಅಕ್ಷರ ಕಲಿಸುವ ಬೋಧಕಿಯರನ್ನು ನಾನು ಆನ್‌ಲೈನಿನಲ್ಲಿ ತಯಾರು ಮಾಡುತ್ತೇನೆ. ಕೊಳ್ಳೇಗಾಲದಲ್ಲಿ ಒಂದು ಝೆರಾಕ್ಸ್ ಅಂಗಡಿಯ ಮೇಲಿನ ಕೋಣೆ, ಒಂದು ಲ್ಯಾಪ್‌ಟಾಪ್, ಪರದೆಯ ಮೇಲೆ ಇಪ್ಪತ್ತೆರಡು ಮುಖ. ಕೆಲವರು ಕಾಡೊಳಗಿನ ಸೋಲಿಗರ ಕೇರಿಗಳಾದ ಪೋಡುಗಳಲ್ಲಿ ಕಲಿಸುತ್ತಾರೆ, ಕೆಲವರು ಮನೆಯಲ್ಲಿ ತಮಿಳಾಡುವ ಗಡಿ ಹಳ್ಳಿಗಳಲ್ಲಿ, ಇಬ್ಬರು ಕೊಳ್ಳೇಗಾಲದ ರೇಷ್ಮೆ ನೂಲು ತೆಗೆಯುವವರ ಬೀದಿಯಲ್ಲಿ. ಎಂಟು ವಾರದ ತರಬೇತಿ. ಕೊನೆಗೆ ಪ್ರತಿಯೊಬ್ಬರೂ ತಮ್ಮ ತರಗತಿಯ ಹತ್ತು ನಿಮಿಷದ ವಿಡಿಯೊ ಕಳಿಸಬೇಕು. ನಾನು ಅಂಕ ಹಾಕುತ್ತೇನೆ, ಬೆಂಗಳೂರಿನ ಕಚೇರಿ ಒಪ್ಪಿಗೆ ಕೊಡುತ್ತದೆ. ಪಾಸಾದವರ ಕೇಂದ್ರ ಇನ್ನೊಂದು ವರ್ಷ ನಡೆಯುತ್ತದೆ. ಫೇಲಾದರೆ ಆ ಊರಿನ ಕೇಂದ್ರಕ್ಕೆ ಬೀಗ.

ಯಾವ ಒಂದು ಸಾಲಿನಲ್ಲಿ ಸೊನ್ನೆ ಬಿದ್ದರೂ ಫೇಲು. ಆ ಸೊನ್ನೆಯಿಂದ ರಾಮಾಪುರದ ಕಡೆಯ ಬೋಧಕಿ ಫೇಲಾಗಿದ್ದರು.

ಈ ಕೆಲಸಕ್ಕೆ ನನ್ನನ್ನು ತೆಗೆದುಕೊಂಡಿದ್ದು ನನಗೆ ಮಾತು ಬರುತ್ತದೆ ಎಂಬ ಒಂದೇ ಕಾರಣಕ್ಕೆ ಎಂದು ನನ್ನ ಅನುಮಾನ. ಮೈಸೂರಿನ ಕಾಲೇಜಿನಲ್ಲಿ ಐದು ವರ್ಷ ಚರ್ಚಾಸ್ಪರ್ಧೆ ಬಿಟ್ಟು ಬೇರೇನೂ ಮಾಡಿದವಳಲ್ಲ. ಪರ ಕೊಟ್ಟರೆ ಪರ, ವಿರೋಧ ಕೊಟ್ಟರೆ ವಿರೋಧ. ಎದುರಿನವರು ಉಸಿರು ತೆಗೆದುಕೊಳ್ಳುವ ಜಾಗ ಎಲ್ಲಿ ಎಂದು ಕಾದು ಅಲ್ಲಿಗೆ ಮಾತು ನುಗ್ಗಿಸುವುದು ನನಗೆ ಚೆನ್ನಾಗಿ ಗೊತ್ತು. ಯಾವುದನ್ನೂ ಸುಮ್ಮನೆ ನಂಬುವುದಿಲ್ಲ. ಬೆಂಗಳೂರಿನವರು ಕಳಿಸಿದ ತರಬೇತಿಯ ಐದನೇ ಪಾಠದ ಹೆಸರು ‘ಸಾಂಸ್ಕೃತಿಕ ವೈವಿಧ್ಯ’ ಎಂದು ನೋಡಿದಾಗಲೇ ನನಗೆ ಮೈ ಉರಿದಿತ್ತು. ಮೊದಲ ಸ್ಲೈಡಿನಲ್ಲಿ ತಲೆಗೆ ಗರಿ ಸಿಕ್ಕಿಸಿಕೊಂಡು ಕುಣಿಯುವ ಜನ. ನಮ್ಮ ಮೂರು ತಾಲ್ಲೂಕುಗಳಲ್ಲಿ ಯಾರೂ ಆ ವೇಷ ಹಾಕಿದ್ದನ್ನು ನಾನು ಕಂಡಿಲ್ಲ. ‘ನಿಮ್ಮ ಕಲಿಕಾರ್ಥಿಗಳ ಸಂಸ್ಕೃತಿ ಯಾವುದು?’ ಎಂದು ಕೇಳಿದರೆ ಇಪ್ಪತ್ತೆರಡು ಜನರೂ ಚಾಟಿನಲ್ಲಿ ‘ಕೋಲಾಟ’ ಎಂದು ಬರೆದರು. ಒಬ್ಬರು ಬರೆದಿದ್ದನ್ನು ನೋಡಿ ಇನ್ನೊಬ್ಬರು.

“ಕೋಲಾಟ ಆಮೇಲೆ ನೋಡೋಣ, ನಿನ್ನೆ ಕ್ಲಾಸಲ್ಲಿ ಏನಾಯ್ತು ಅದನ್ನ ಹೇಳಿ,” ಎಂದೆ.

ಪೋಡಿನಲ್ಲಿ ಕಲಿಸುವ ಹುಡುಗಿ ಮೈಕ್ ತೆಗೆದಳು. “ಮೇಡಂ, ಪುಸ್ತಕ್ದಲ್ಲಿ ಕಾಡು ಅಂತ ಪಾಠ ಅದಲ್ಲ, ಅದ್ರಲ್ಲಿ ಸಿಂಹದ ಚಿತ್ರ ಆಕವ್ರೆ. ಒಬ್ಬಜ್ಜಿ ನೋಡಿ, ಇದ್ಯಾರ್ ಮನೆ ನಾಯಿ ಅಂದ್ಬುಟ್ಲು.”

ಎಲ್ಲರೂ ನಕ್ಕರು. ಇಡೀ ಐದನೇ ಪಾಠದಲ್ಲಿ ನನಗೆ ಹಿಡಿಸಿದ್ದು ಅದೊಂದೇ. ಇನ್ನುಳಿದದ್ದರಲ್ಲಿ ನಾನು ನಂಬಿದ್ದು ವೃತ್ತವನ್ನು. ಕಲಿಯುವವರನ್ನು ವೃತ್ತಾಕಾರದಲ್ಲಿ ಕೂರಿಸಬೇಕು. ಆಗ ಮೊದಲನೆಯವರು, ಕೊನೆಯವರು ಎಂಬುದಿರುವುದಿಲ್ಲ. ಎಲ್ಲರ ಮುಖ ಎಲ್ಲರಿಗೂ ಕಾಣುತ್ತದೆ. ಅದರ ಪರವಾಗಿ ನಾನು ಇಪ್ಪತ್ತು ನಿಮಿಷ ಮಾತಾಡಿದ್ದೆ. ಯಾರೂ ವಿರೋಧ ಹೇಳಲಿಲ್ಲ. ವಿರೋಧ ಇಲ್ಲದ ಕಡೆ ಅನುಮಾನಪಡಬೇಕು ಎನ್ನುವುದನ್ನು ಐದು ವರ್ಷ ಕಲಿತವಳು ಅವತ್ತು ಮಾತ್ರ ಮರೆತಿದ್ದೆ.

ಅಂಕ ಕಳಿಸಿದ ಮಾರನೇ ದಿನ ರಾಮಾಪುರದ ಬೋಧಕಿ ಫೋನ್ ಮಾಡಿದರು. ನನಗಿಂತ ಏಳೆಂಟು ವರ್ಷ ದೊಡ್ಡವರು, ಪಿಯುಸಿ ಓದಿದ್ದಾರೆ, ಬೆಳಿಗ್ಗೆ ಡೇರಿಯಲ್ಲಿ ಹಾಲು ಅಳೆಯುತ್ತಾರೆ.

“ಮೇಡಂ, ಒಂದ್ ಕಡೆ ಸೊನ್ನೆ ಬಂದದಲ್ಲ, ತಪ್ಪೆಲ್ಲಾಯ್ತು ನಂದು?”

“ನೀವು ವೃತ್ತದಲ್ಲಿ ಕೂರಿಸಿಲ್ಲ. ಅರ್ಧ ಜನ ಗೋಡೆ ನೋಡ್ತಿದ್ದಾರೆ.”

“ಕೂರ್ಸಿದ್ದೆ. ಮೊದಲ್ನೇ ವಾರ ನೀವ್ ಯೋಳ್ದಂಗೇ ಕೂರ್ಸಿದ್ದೆ. ಸೊಸೇರು ಬಾಯೇ ಬುಡ್ಲಿಲ್ಲ. ಎರಡ್ನೇ ವಾರ ಬರ್ನೇ ಇಲ್ಲ.”

“ಯಾಕೆ?”

“ಯಾಕೆ ಅಂದ್ರೆ? ಅತ್ತೆ ಎದ್ರುಗೆ ಸಮಕ್ಕೆ ಕೂತ್ಗಂಡು, ಅತ್ತೆಗೆ ಬರ್ದೇ ಇರದ್ನ ತಾನು ಓದಿ ತೋರ್ಸದಾ? ನಿಮ್ಮನೇಲಿ ಅಂಗ್ ಮಾಡ್ತಾರಾ?”

ಪ್ರಶ್ನೆಗೆ ಪ್ರಶ್ನೆ ಹಾಕುವುದು ಹಳೆಯ ಪಟ್ಟು, ನನಗೂ ಗೊತ್ತು. “ಅದನ್ನೇ ತಾನೇ ಮುರೀಬೇಕಾಗಿರೋದು? ಇಲ್ದಿದ್ರೆ ಅಕ್ಷರ ಕಲಿಸೋದು ಯಾತಕ್ಕೆ?”

“ಓದಕ್ಕೆ,” ಎಂದರು.

ಅಷ್ಟೇ. ಮುಂದಕ್ಕೆ ಏನಾದರೂ ಹೇಳುತ್ತಾರೆಂದು ಕಾದೆ. ಹೇಳಲಿಲ್ಲ. ನನಗೆ ನುಗ್ಗುವುದಕ್ಕೆ ಜಾಗವೇ ಸಿಗಲಿಲ್ಲ.

ಆವತ್ತು ಸಂಜೆ ಯಳಂದೂರಿನ ಬಸ್ಸಿನಲ್ಲಿ ನಿಂತುಕೊಂಡೇ ಮನೆಗೆ ಬಂದೆ. ಸೀಟು ಖಾಲಿ ಇದ್ದರೂ ಕೂರಲಾಗಲಿಲ್ಲ. ತಲೆಯೊಳಗೆ ಮಾತು ಜೋಡಿಸುತ್ತಲೇ ಇದ್ದೆ. ಸಂಸ್ಕೃತಿ ಎಂದು ಹೆಸರಿಟ್ಟುಬಿಟ್ಟರೆ ಯಾವ ದಬ್ಬಾಳಿಕೆಯನ್ನಾದರೂ ಒಪ್ಪಿಕೊಳ್ಳಬೇಕೇ? ಇವತ್ತು ಸೊಸೆ ಬೆನ್ನು ತಿರುಗಿಸಿ ಕೂತರೆ ಸರಿ, ನಾಳೆ ಜಾತಿ ನೋಡಿ ಬೇರೆ ಕೂರಿಸಿದರೆ ಅದಕ್ಕೂ ಸರಿ ಎನ್ನುತ್ತೇವೆಯೇ? ಒಳ್ಳೆಯ ವಾದ ಅದು. ಈಗಲೂ ಅದು ಒಳ್ಳೆಯ ವಾದ ಎಂದೇ ನನ್ನ ಅಭಿಪ್ರಾಯ.

ಮನೆಗೆ ಬಂದು ನೋಡಿದರೆ ಅಮ್ಮ ಅಡುಗೆಮನೆಯಲ್ಲಿ ಗ್ಯಾಸ್ ಸಿಲಿಂಡರಿಗೆ ಒರಗಿಕೊಂಡು ಬೆಳಗಿನ ಪೇಪರ್ ಓದುತ್ತಿದ್ದಳು. ಅಮ್ಮ ಬಿ.ಎ. ಮಾಡಿದವಳು. ಹಾಲಿನಲ್ಲಿ ಕುರ್ಚಿ, ಬೆಳಕು, ಫ್ಯಾನು ಎಲ್ಲ ಇದೆ.

“ಇಲ್ಯಾಕಮ್ಮ ನಿಂತ್ಕೊಂಡು ಓದ್ತೀಯ?”

“ಅಲ್ಲಿ ನಿಮ್ಮಜ್ಜಿ ಕೂತವ್ರಲ್ಲೇ.”

“ಕೂತಿದ್ರೆ?”

“ಅವ್ರಿಗೆ ಓದಕ್ ಬರಲ್ಲ. ಅವ್ರ ಮುಂದೆ ಪೇಪರ್ ಬಿಡಿಸ್ಕಂಡು ಕೂತ್ರೆ ಚೆನ್ನಾಗಿರತ್ತಾ?” ಎಂದು ಪುಟ ಮಗುಚಿದಳು. ಇಪ್ಪತ್ತಾರು ವರ್ಷದಿಂದ ಆ ಮನೆಯಲ್ಲಿದ್ದೇನೆ. ಅಮ್ಮನಿಗೆ ಅಡುಗೆಮನೆಯಲ್ಲಿ ಓದುವುದು ಇಷ್ಟ ಅಂತಲೇ ತಿಳಿದುಕೊಂಡಿದ್ದೆ.

ಆದರೂ ಸೊನ್ನೆಯನ್ನು ತಿದ್ದಲಿಲ್ಲ. ನಮ್ಮಮ್ಮ ಮಾಡುತ್ತಾಳೆಂದು ಒಂದು ಪದ್ಧತಿ ಸರಿಯಾಗುವುದಿಲ್ಲ.

ಮುಂದಿನ ಆನ್‌ಲೈನ್ ತರಗತಿಯಲ್ಲಿ ಮಾದರಿಯಾಗಿರಲಿ ಎಂದು, ಪೂರ್ತಿ ಅಂಕ ಬಂದ ಒಂದು ವಿಡಿಯೊ ಹಾಕಿ ತೋರಿಸಿದೆ. ಸತ್ತೇಗಾಲದ ಕೇಂದ್ರದ್ದು. ಒಂಬತ್ತು ಜನ, ಗುಂಡಗೆ, ಬಳೆ ಇಟ್ಟ ಹಾಗೆ. ಎಲ್ಲರೂ ಒಬ್ಬರ ಮುಖ ಒಬ್ಬರು ನೋಡುತ್ತಾ ಓದುತ್ತಿದ್ದರು. “ನೋಡಿ, ಇದು ಸಾಧ್ಯ ಅಂತಾಯ್ತಲ್ಲ,” ಎಂದೆ.

ಸತ್ತೇಗಾಲದ ಬೋಧಕಿ ಬಾಯಿತುಂಬ ನಗುವವರು. ಮೈಕ್ ತೆಗೆದು ಅಂದರು, “ಮೇಡಂ, ತಪ್ ತಿಳ್ಕಬ್ಯಾಡಿ. ಅದು ನಂದೇ. ಹತ್ ನಿಮ್ಷಕ್ಕೆ ಕೂರ್ಸಿದ್ದು. ಫೋನ್ ಆಫ್ ಮಾಡಿದ್ ಗಳ್ಗೇಲೇ ಎದ್ದು ಅವ್ರವ್ರ ಜಾಗಕ್ ಒಂಟೋದ್ರು.”

ಯಾರೋ ಕಿಸಕ್ಕೆಂದರು. ಇನ್ನೊಬ್ಬರು, “ನಾನು ಸೀಮೆಸುಣ್ಣದಲ್ಲಿ ಗೆರೆ ಬ್ಯಾರೆ ಎಳ್ದಿದ್ದೆ ಕಣ್ರಿ, ಸೊಟ್ಟಗಾಗ್ಬಾರ್ದು ಅಂತ,” ಎಂದರು. ರೇಷ್ಮೆ ಬೀದಿಯವರು, “ನಮ್ದು ರೀಲಿಂಗ್ ಮಿಷನ್ ಉದ್ದುಕ್ಕೆ ಕೂತಿರೋರು. ವಿಡಿಯೋಗೆ ಅಂತ ಗುಡಿ ಮುಂದ್ಕೆ ಕರ್ಕಂಡೋಗಿದ್ದೆ,” ಎಂದರು.

ನಿಜವಾಗಿ ದಿನಾ ವೃತ್ತದಲ್ಲಿ ಕೂರಿಸುವವರು ಕೈ ಎತ್ತಿ ಎಂದೆ. ಪರದೆಯ ಮೇಲೆ ಮೂರು ಕೈ ಬಂದವು. ಅವುಗಳಲ್ಲಿ ಒಂದು ಆಮೇಲೆ ಇಳಿಯಿತು.

ರಾಮಾಪುರದವರೂ ತಮ್ಮ ಚೌಕದಿಂದ ಇದನ್ನೆಲ್ಲ ನೋಡುತ್ತಿದ್ದರು. ಆ ಎರಡು ಕೈಗಳನ್ನು ಬಿಟ್ಟರೆ ಇಡೀ ತಂಡದಲ್ಲಿ ಇದ್ದದ್ದನ್ನು ಇದ್ದ ಹಾಗೆ ಕಳಿಸಿದ್ದು ಅವರೊಬ್ಬರೇ, ಫೇಲಾಗಿದ್ದೂ ಅವರೊಬ್ಬರೇ. ತರಗತಿ ಮುಗಿಸಿ ಬೆಂಗಳೂರಿಗೆ ಫೋನ್ ಮಾಡಿದೆ. ನಮ್ಮ ಮೇಲ್ವಿಚಾರಕಿ ಕೆಟ್ಟವರಲ್ಲ, ಅವಸರದವರು. ಎಲ್ಲವನ್ನೂ ಕೇಳಿಸಿಕೊಂಡು, “ಪಾಪ, ಅವರಿಗೆ ಒಂದು ಚಾನ್ಸ್ ಕೊಡೋಣ. ಶುಕ್ರವಾರದೊಳಗೆ ಸರ್ಕಲ್‌ನಲ್ಲಿ ಕೂರಿಸಿ ಇನ್ನೊಂದು ವಿಡಿಯೊ ಕಳಿಸಲಿ,” ಎಂದರು. ನಾನು ಹೇಳಿದ್ದರಲ್ಲಿ ಅವರಿಗೆ ತಲುಪಿದ್ದು ಅಷ್ಟು.

ಬೋಧಕಿಗೆ ಹೇಳಿದೆ. “ಇಲ್ಲ ಮೇಡಂ,” ಎಂದರು. “ನಾನ್ ಒಲ್ಲೆ. ಒಂದ್ಸಲ ಕೂರ್ಸಿ, ಜನ ಬುಟ್ಟೋಗಿ, ಒಂದೊಂದ್ ಮನೆಗೂ ಓಗಿ ಕೈಮುಗ್ದು ಕರ್ಕಂಬಂದಿದ್ದೀನಿ. ನೀವೇ ಬಂದ್ ನೋಡಿ.”

ಗುರುವಾರ ಹೋದೆ. ಆನ್‌ಲೈನ್ ತರಬೇತಿ ಕೊಡುವವಳು ಬಸ್ಸು ಹತ್ತಬೇಕಾದ ಸ್ಥಿತಿ ನನಗೇ ನಗು ತರಿಸಿತ್ತು. ಕಾಮಗೆರೆ ದಾಟಿ ಹನೂರು, ಹನೂರಿನಲ್ಲಿ ಬಸ್ಸು ಬದಲಿಸಿ ರಾಮಾಪುರ. ಅಲ್ಲಿಂದ ಬೋಧಕಿಯ ಟಿವಿಎಸ್ ಮೊಪೆಡ್ಡಿನ ಹಿಂದೆ. ದಾರಿಯುದ್ದಕ್ಕೂ ನಾನು ಅವರ ಬೆನ್ನನ್ನೇ ನೋಡುತ್ತಾ ನನ್ನ ವಾದದ ಮೂರು ಅಂಶಗಳನ್ನು ಜೋಡಿಸುತ್ತಿದ್ದೆ.

ಎರಡೂವರೆಗೆ ಹೆಂಗಸರು ಬಂದರು. ಯಾರೂ ಹೇಳದೆ ಎರಡು ಸಾಲಾಗಿ, ಬೆನ್ನಿಗೆ ಬೆನ್ನು ಮಾಡಿ ಕೂತರು. ನಾನು ಜಗಲಿಯ ಮೂಲೆಯಲ್ಲಿ, ಎರಡು ಸಾಲೂ ಕಾಣುವ ಹಾಗೆ ಕೂತೆ. ಹೊರಸಾಲಿನಲ್ಲಿ ಹಸಿರು ಸೀರೆಯ ಒಬ್ಬ ಹೆಂಗಸು, ಮೂವತ್ತರೊಳಗಿನವಳು, ಪುಸ್ತಕ ಬಿಡಿಸಿ ಅಂಗಳದ ಕಡೆ ನೋಡುತ್ತಾ ಗಟ್ಟಿಯಾಗಿ ಓದತೊಡಗಿದಳು. ಬಾವಿ ತೋಡಿದ ಪಾಠ. ಎಲ್ಲೂ ನಿಲ್ಲಲಿಲ್ಲ. ಮುಗಿಸಿ, ಬೋಧಕಿ ಕೊಟ್ಟ ಹಳೆಯ ಪೇಪರಿನ ತುಂಡನ್ನೂ ಓದಿದಳು. ಅವಳ ನೇರ ಹಿಂದೆ, ಗೋಡೆಗೆ ಮುಖ ಮಾಡಿದ್ದವಳು ಅವಳ ಅತ್ತೆ. ಕಿವಿಯಲ್ಲಿ ದೊಡ್ಡ ವಾಲೆ, ಮೂಗಿನ ಮೇಲೆ ಇಳಿದ ಕನ್ನಡಕ. ಆ ಮುದುಕಿಯ ಬೆರಳು ತನ್ನ ಪುಸ್ತಕದ ಮೇಲೆ ಸೊಸೆಯ ದನಿಯ ಜೊತೆಜೊತೆಗೆ ಸರಿಯುತ್ತಿತ್ತು. ದನಿ ಮುಂದೆ ಹೋದರೆ ಬೆರಳು ಓಡಿ ಹಿಡಿಯುತ್ತಿತ್ತು. ತುಟಿ ಅಲುಗುತ್ತಿತ್ತು. ಸೊಸೆ ಅತ್ತೆಗೆ ಕಲಿಸುತ್ತಿದ್ದಳು. ಅತ್ತೆ ಸೊಸೆಯಿಂದ ಕಲಿಯುತ್ತಿದ್ದಳು. ಇಬ್ಬರೂ ಒಬ್ಬರನ್ನೊಬ್ಬರು ನೋಡುತ್ತಿರಲಿಲ್ಲವಾದ್ದರಿಂದ ಹಾಗೆಂದು ಯಾರೂ ಒಪ್ಪಿಕೊಳ್ಳಬೇಕಾಗಿರಲಿಲ್ಲ.

ಇದು ಆ ಹತ್ತು ನಿಮಿಷದ ವಿಡಿಯೊದಲ್ಲೂ ಇತ್ತೆಂದು ಆಮೇಲೆ ಪೂರ್ತಿ ನೋಡಿದಾಗ ತಿಳಿಯಿತು. ನಾನು ಮೂರನೇ ನಿಮಿಷಕ್ಕೆ ನಿಲ್ಲಿಸಿದ್ದೆ.

ಆದರೂ ಬೋಧಕಿಯನ್ನು ಕಂಬದ ಹತ್ತಿರ ಕರೆದು ತಗ್ಗಿದ ದನಿಯಲ್ಲಿ ವಾದಕ್ಕಿಳಿದೆ. “ಸರಿ, ಓದು ಬರ್ತಿದೆ, ಒಪ್ತೀನಿ. ಆದ್ರೆ ಹೀಗೇ ಕೂರಿಸಿದ್ರೆ ಅತ್ತೆ ಯಾವಾಗ್ಲೂ ಅತ್ತೇನೇ, ಸೊಸೆ ಯಾವಾಗ್ಲೂ ಸೊಸೇನೇ. ಅದಕ್ಕೆ ನೀವೇ ಗೋಡೆ ಕಟ್ಟಿಕೊಟ್ಟ ಹಾಗಾಗಲ್ವಾ?”

“ಮನೇಲಿ ಗೋಡೆ ಅದೆ ಮೇಡಂ. ನಾನ್ ಕಟ್ಟಿದ್ದಲ್ಲ. ನಾನ್ ಆ ಗೋಡೆಗೊಂದು ಹಲಗೆ ತಗಲಾಕಿದ್ದೀನಿ.”

“ಅದು ಉತ್ತರ ಅಲ್ಲ.”

“ಉತ್ರ ನಂಗೊತ್ತಿಲ್ಲ. ಹನ್ನೊಂದ್ ಜನ ಬತ್ತಾವ್ರೆ, ಅದು ಗೊತ್ತು.”

ನಮ್ಮ ತಗ್ಗಿದ ದನಿ ಅಷ್ಟೇನೂ ತಗ್ಗಿರಲಿಲ್ಲ ಅನ್ನಿಸುತ್ತದೆ. ವಾಲೆಯ ಮುದುಕಿ ಗೋಡೆ ನೋಡಿಕೊಂಡೇ ಕೇಳಿದಳು, “ಏನವ್ವಾ, ಇವ್ಳ ಪೇಲ್ ಮಾಡ್ತಿಯಂತೆ?”

“ನಾನಲ್ಲಮ್ಮ, ನಿಯಮ ಹಂಗಿದೆ. ಎಲ್ಲರೂ ಗುಂಡಗೆ ಕೂತ್ಕೊಬೇಕು.”

“ಯಾಕೆ, ಊಟಕ್ಕಿಕ್ತಿಯಾ?”

ಎರಡೂ ಸಾಲಿನಲ್ಲಿ ನಗು. ಮುದುಕಿ ಈಗ ತಿರುಗಿ ನನ್ನನ್ನು ಮೇಲಿಂದ ಕೆಳಗೆ ನೋಡಿದಳು. “ಮದ್ವೆ ಆಗದಾ ನಿಂಗೆ?”

“ಇಲ್ಲ.”

“ಅದ್ಕೇಯ ಅತ್ತೆ ಸೊಸೇರ್ನ ಎದ್ರುಬದ್ರು ಕೂರ್ಸಕ್ ಬಂದಿದ್ದೀಯ.”

ಬೋಧಕಿ ಬೇರೆ ಕಡೆ ಮುಖ ತಿರುಗಿಸಿ ನಗುತ್ತಿದ್ದರು.

“ಕೂತ್ಗಳ್ದಿದ್ರೆ ಏನಾದದು?” ಮುದುಕಿ ಕೇಳಿದಳು.

“ಕೇಂದ್ರ ನಿಲ್ಲುತ್ತೆ.”

ಡೇರಿಯೊಳಗೆ ಯಾರೋ ಕ್ಯಾನು ಎಳೆದ ಸದ್ದು. ಮುದುಕಿ ಕೈ ಊರಿ ಎದ್ದಳು. “ಏಳ್ರವ್ವಾ ಎಲ್ಲಾ. ಒಂದ್ ಪೋಟ ತಗ್ದ್ರೆ ನಮ್ದೇನ್ ಸವ್ದೋದದು. ದುಂಡುಗ್ ಕೂತ್ಗಳಿ.” ಬೋಧಕಿ ಬೇಡವೆನ್ನುವುದಕ್ಕೆ ಬಾಯಿ ತೆಗೆದರು. “ನೀ ಸುಮ್ನಿರಲೇ,” ಎಂದಳು ಮುದುಕಿ.

ಕೂತರು. ಸೊಸೆಯರು ಮಂಡಿ ಮಡಿಸಿ, ಅರ್ಧ ಪಕ್ಕಕ್ಕೆ ತಿರುಗಿ, ಚಾಪೆಯಿಂದಾಚೆ ಬರಿ ನೆಲದ ಮೇಲೆ ಕೂತರು. ನಾನೇ ಫೋನ್ ಹಿಡಿದುಕೊಂಡೆ. ಮೊದಲು ಮುದುಕಿ ಅದೇ ಬಾವಿಯ ಪಾಠ ಓದಿದಳು. ಎರಡನೇ ಸಾಲಿನಲ್ಲಿ ನಿಂತಳು, ಕಷ್ಟಪಟ್ಟು ದಾಟಿದಳು, ನಾಲ್ಕನೇ ಸಾಲಿಗೆ ಪುಸ್ತಕ ಮುಚ್ಚಿದಳು. ಬೋಧಕಿ ಹಸಿರು ಸೀರೆಯವಳ ಕಡೆ ನೋಡಿದರು.

ಅವಳು ಓದಿದಳು. ಎರಡನೇ ಸಾಲಿನಲ್ಲಿ, ಅತ್ತೆ ನಿಂತ ಪದದಲ್ಲೇ ನಿಂತಳು. ಅಕ್ಷರ ಅಕ್ಷರ ಕೂಡಿಸಿದಳು. ಮೂರನೇ ಸಾಲು ತಡವರಿಸಿದಳು. ನಾಲ್ಕನೇ ಸಾಲಿಗೆ, “ಮುಂದ್ಕೆ ಬರಲ್ಲ,” ಎಂದು ತಲೆ ತಗ್ಗಿಸಿದಳು. ಅರ್ಧ ಗಂಟೆಯ ಹಿಂದೆ ಪೇಪರ್ ಓದಿದವಳು.

ಮುದುಕಿ ಸೊಸೆಯನ್ನು ಒಂದು ಕ್ಷಣ ದಿಟ್ಟಿಸಿ, ಆಮೇಲೆ ಕನ್ನಡಕ ತೆಗೆದು ಸೆರಗಿನಿಂದ ಒರೆಸಿಕೊಳ್ಳತೊಡಗಿದಳು.

ಕೊಳ್ಳೇಗಾಲಕ್ಕೆ ಹಿಂದಿರುಗುವಾಗ ನನಗೆ ಒಂದು ಬಗೆಯ ಉಮೇದು ಬಂದಿತ್ತು, ಅದನ್ನು ಬಚ್ಚಿಡುವುದಿಲ್ಲ. ಸಾಕ್ಷಿ ಸಿಕ್ಕಿತ್ತು. ಎರಡೂ ವಿಡಿಯೊಗಳನ್ನು ಬೆಂಗಳೂರಿಗೆ ಕಳಿಸಿ, ‘ಎರಡನೇದರಲ್ಲಿ ಹಸಿರು ಸೀರೆ ಉಟ್ಟವರನ್ನು ಮಾತ್ರ ಎರಡರಲ್ಲೂ ನೋಡಿ. ನಮ್ಮ ವೃತ್ತ ಅವರ ಓದನ್ನು ಕಿತ್ತುಕೊಂಡಿದೆ. ಅಂಕಪಟ್ಟಿಯಿಂದ ಆ ಸಾಲನ್ನು ತೆಗೆಯಬೇಕು,’ ಎಂದು ಒಂದು ಪುಟ ಬರೆದೆ. ಒಳ್ಳೆಯ ಪುಟ. ಎದುರಾಳಿ ಏನೇನು ಹೇಳಬಹುದೋ ಅದಕ್ಕೆಲ್ಲ ಉತ್ತರ ಅದರಲ್ಲೇ ಇತ್ತು.

ಮೇಲ್ವಿಚಾರಕಿ ಫೋನ್ ಮಾಡಿದರು. “ನೀವು ಹೇಳೋದ್ರಲ್ಲಿ ಪಾಯಿಂಟ್ ಇದೆ. ಮುಂದಿನ ಬ್ಯಾಚಿಗೆ ಖಂಡಿತ ಚರ್ಚೆ ಮಾಡೋಣ. ಈ ಸಲಕ್ಕೆ ಎರಡನೇ ವಿಡಿಯೊ ಅಪ್‌ಲೋಡ್ ಮಾಡಿಬಿಡಿ, ಅವರು ಪಾಸಾಗ್ತಾರೆ. ಮೊದಲನೇದೇ ಇರಲಿ ಅಂದ್ರೆ ನನ್ನ ಕೈಲಿ ಏನೂ ಇಲ್ಲ.”

“ಎರಡನೇದು ಸುಳ್ಳು, ಮೇಡಂ.”

“ಕೇಂದ್ರ ಬೇಕಾ, ಬೇಡ್ವಾ?”

ಶುಕ್ರವಾರ ಸಂಜೆ ಐದಕ್ಕೆ ಗಡುವು. ಮೂರರಿಂದ ನಾಲ್ಕೂವರೆಯವರೆಗೆ ಆ ಕೋಣೆಯಲ್ಲಿ ಕಿಟಕಿಗೂ ಬಾಗಿಲಿಗೂ ನಡೆದಾಡಿದೆ. ಕೆಳಗೆ ಝೆರಾಕ್ಸ್ ಯಂತ್ರ ಬೆಳಕು ಬಿಟ್ಟು ಬಿಟ್ಟು ಕಾಗದ ಉಗುಳುತ್ತಿತ್ತು. ತತ್ವ ಹಿಡಿದು ನಿಂತರೆ ನಾನು ಗೆಲ್ಲುತ್ತೇನೆ, ಹನ್ನೊಂದು ಜನ ಮನೆಗೆ ಹೋಗುತ್ತಾರೆ. ವೇದಿಕೆಯ ಮೇಲೆ ಇಂಥದ್ದಕ್ಕೆ ‘ನನ್ನ ಎದುರಾಳಿ ಭಾವನೆಗಳನ್ನು ಮುಂದೆ ಮಾಡುತ್ತಿದ್ದಾರೆ’ ಎಂದು ಎಷ್ಟು ಸಲ ಹೇಳಿದ್ದೆನೋ. ವೃತ್ತದ ವಿಡಿಯೊವನ್ನೇ ಹಾಕಿದೆ. ಕೂರುವ ವ್ಯವಸ್ಥೆ: ಪೂರ್ಣ ಅಂಕ. ಅದರ ಕೆಳಗೆ ಪ್ರತಿ ಕಲಿಕಾರ್ಥಿಯ ಮಟ್ಟ ತುಂಬಬೇಕಿತ್ತು. ವಿಡಿಯೊದಲ್ಲಿ ಕಂಡಂತೆಯೇ ತುಂಬಬೇಕು, ಇಲ್ಲದಿದ್ದರೆ ಕಂಪ್ಯೂಟರ್ ಒಪ್ಪಿದರೂ ಕಚೇರಿ ಒಪ್ಪುವುದಿಲ್ಲ. ಹಸಿರು ಸೀರೆಯವಳ ಮುಂದೆ ‘ಅಕ್ಷರ ಗುರುತಿಸುತ್ತಾರೆ, ಓದಲು ಬರುವುದಿಲ್ಲ’ ಎಂದು ಹಾಕಿ ಸಹಿ ಮಾಡಿದೆ.

ಬೋಧಕಿ ಪಾಸಾದರು. ಕೇಂದ್ರ ಉಳಿಯಿತು. ಮುಂದಿನ ಸೋಮವಾರದಿಂದಲೇ ಹಳೆಯ ಹಾಗೆ ಬೆನ್ನಿಗೆ ಬೆನ್ನು ಎಂದು ಅವರೇ ಫೋನಿನಲ್ಲಿ ಹೇಳಿ ನಕ್ಕರು. ನನಗೆ ನಗು ಬರಲಿಲ್ಲ. ನನ್ನ ಸಹಿಯ ಮೇಲೆ ಒಂದು ಸುಳ್ಳು ಕೂತಿತ್ತು, ಅದೂ ಓದಬಲ್ಲ ಹೆಂಗಸಿಗೆ ಓದು ಬರದು ಎಂಬ ಸುಳ್ಳು. ಎರಡನೇ ವರ್ಷದ ಪಟ್ಟಿ ಬಂದಾಗ ಅವಳ ಹೆಸರು ಅತ್ತೆಯ ಹೆಸರಿನ ಕೆಳಗೆ, ಮೊದಲ ಪುಸ್ತಕವನ್ನೇ ಮತ್ತೆ ಓದಬೇಕಾದವರ ಜೊತೆ ಇತ್ತು. ತಿದ್ದುಪಡಿಗೆ ಮೂರು ದಿನ ಅವಕಾಶವಿತ್ತು. ತರಗತಿಯ ಹೊತ್ತು ನೋಡಿ ಬೋಧಕಿಗೆ ಫೋನ್ ಮಾಡಿದೆ.

“ಇದನ್ನ ಸರಿ ಮಾಡಿಬಿಡೋಣ. ಅವರ ಓದು ಇನ್ನೊಂದ್ಸಲ ರೆಕಾರ್ಡ್ ಮಾಡಿ ಕಳಿಸಿ, ‘ಓದಬಲ್ಲರು’ ಅಂತ ಹಾಕ್ತೀನಿ. ಸರ್ಟಿಫಿಕೇಟ್ ಬರುತ್ತೆ ಅವರಿಗೆ.”

“ಅವ್ಳನ್ನೇ ಕೇಳಿ,” ಎಂದು ಫೋನ್ ಕೊಟ್ಟರು.

ಮೊದಲ ಸಲ ಅವಳು ನನ್ನ ಜೊತೆ ಮಾತಾಡಿದ್ದು. ದನಿ ತೀರಾ ಮೆಲ್ಲಗೆ, ಹತ್ತಿರದಲ್ಲಿ ಯಾರೋ ಇದ್ದಾರೆಂಬ ಹಾಗೆ. “ಸರ್ಟಿಫಿಕೇಟ್ ಬಂದ್ರೆ ಆಮೇಲೆ ಕ್ಲಾಸ್ಗೆ ಬರಂಗಿಲ್ವಂತಲ್ಲ ಮೇಡಂ?”

“ಹೌದು. ಅದು ಮುಗಿದ ಹಾಗೆ.”

“ಅಂಗಾರೆ ಅದು ಅಂಗೇ ಇರ್ಲಿ ಬುಡಿ. ಓದಕ್ ಬತ್ತದೆ ಅಂತ ಬರ್ಕೊಟ್ಬುಟ್ರೆ ಮನೇಲಿ ಯಾಕ್ ಕಳುಸ್ತಾರೆ? ಬರಲ್ಲ ಅಂದ್ರೆ ಅತ್ತೇನೇ ಕರ್ಕಂಬತ್ತಾರೆ.”

“ಅವತ್ತು ಗುಂಡಗೆ ಕೂತಾಗ ನೀವು ಓದೋದು ನಿಲ್ಲಿಸಿದ್ದು ಅತ್ತೆಗೋಸ್ಕರಾನಾ, ಇಲ್ಲ ಇದಕ್ಕಾ?”

ಅತ್ತ ಹಲಗೆಯ ಮೇಲೆ ಸೀಮೆಸುಣ್ಣ ಕೀರುವ ಸದ್ದು ಕೇಳಿಸಿತು.

“ಓದಕ್ಕೆ ನನ್ ಸರದಿ ಬಂತು ಮೇಡಂ,” ಎಂದು ಫೋನ್ ವಾಪಸ್ ಕೊಟ್ಟಳು.

ತಿದ್ದುಪಡಿಯ ಪುಟ ನನ್ನ ಮುಂದೆ ತೆರೆದಿತ್ತು. ತಿದ್ದಬೇಕೆನ್ನುವುದಕ್ಕೆ ನನ್ನ ಬಳಿ ಮೂರು ಕಾರಣಗಳಿದ್ದವು, ತಿದ್ದಬಾರದೆನ್ನುವುದಕ್ಕೂ ಮೂರು. ಆರನ್ನೂ ಗಟ್ಟಿಯಾಗಿ ಹೇಳಿಕೊಂಡೆ, ಖಾಲಿ ಕೋಣೆಗೆ. ಬೋಧಕಿ ಫೋನನ್ನು ಆರಿಸದೆ ಎಲ್ಲೋ ಇಟ್ಟಿರಬೇಕು; ಅತ್ತ ಕಡೆಯಿಂದ ಆ ದನಿ ಓದುತ್ತಿತ್ತು, ಎಲ್ಲೂ ನಿಲ್ಲದೆ. ಕೇಳಿಸಿಕೊಳ್ಳುತ್ತಾ, ಏನನ್ನೂ ತಿದ್ದದೆ ಪುಟ ಮುಚ್ಚಿದೆ.